ಶ್ರೀಲಂಕಾ ನದಿಗಳ ಗೋಡೆ ನಕಾಶೆ: ತಗೊಳ್ಳಿ, ಆದರೆ ಕಾಲುವೆಗಳನ್ನು ನೀವೇ ಬರೀಬೇಕು

ಶ್ರೀಲಂಕಾದ ನದಿಗಳನ್ನೂ ಪ್ರಾಂತ್ಯಗಳನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಗೋಡೆ ನಕಾಶೆ ಇದು. ಎತ್ತರ 100 ಸೆಂ.ಮೀ., ಅಗಲ 70 ಸೆಂ.ಮೀ. ಲ್ಯಾಮಿನೇಟ್ ಮಾಡಿದ್ದಾರೆ, ಮೇಲೆ ಕೆಳಗೆ ಪ್ಲಾಸ್ಟಿಕ್ ಪಟ್ಟಿ ಇದೆ. ಹುಬ್ಬಳ್ಳಿಯಲ್ಲಿ ಕೊಪ್ಪೀಕರ ರಸ್ತೆ ಹತ್ತಿರದ ಒಂದು ಪುಸ್ತಕದಂಗಡಿಯಲ್ಲಿ 650 ರೂಪಾಯಿಗೆ ಸಿಕ್ಕಿತು. ನಾನು ನರಗುಂದ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಗೋಡೆಗೆ ಹಾಕಿ ಪಾಠ ಮಾಡಿದ ಮೇಲೆ ಬರೆಯುತ್ತಿದ್ದೇನೆ. ಶಾಲೆಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಸುಮ್ನೆ ನಕಾಶೆ ನೋಡುವ ಹುಚ್ಚಿರುವವರು, ಯಾರಾದರೂ ತಗೋಬಹುದು. ಒಂದು ದೊಡ್ಡ ಕೊರತೆ ಇದೆ, ಅದನ್ನು ಮುಂದೆ ಹೇಳುತ್ತೇನೆ.

ನರಗುಂದದ ಮಕ್ಕಳಿಗೆ ಶ್ರೀಲಂಕಾದ ನದಿ ಯಾಕೆ ಬೇಕು ಅಂತ ನಮ್ಮ ಶಾಲೆಯಲ್ಲೇ ಒಬ್ಬರು ಕೇಳಿದರು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಅಲ್ಲಿ ಬಡಿದಾಗ ಮಕ್ಕಳು ಟಿವಿಯಲ್ಲಿ ಪ್ರವಾಹ ನೋಡಿ ಬಂದಿದ್ದರು. ಯಾವ ಊರು ಮುಳುಗಿತು, ಯಾವ ಹೊಳೆ ಬಂತು ಅಂತ ಪ್ರಶ್ನೆ ಮೇಲೆ ಪ್ರಶ್ನೆ. ತೋರಿಸೋಣ ಅಂದರೆ ಶಾಲೆಯಲ್ಲಿದ್ದ ಹಳೆ ನಕಾಶೆಯಲ್ಲಿ ಉತ್ತರ ಮತ್ತು ಪೂರ್ವ ಪ್ರಾಂತ್ಯಗಳು ಇನ್ನೂ ಒಂದೇ ಬಣ್ಣದಲ್ಲಿದ್ದವು. ಅವೆರಡನ್ನು 1988ರಲ್ಲಿ ಕೂಡಿಸಿದ್ದರು. ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2007ರ ಜನವರಿ 1ರಿಂದ ಮತ್ತೆ ಬೇರೆ ಮಾಡಿದರು. ಅಂಗಡಿಯಲ್ಲಿ ಶ್ರೀಲಂಕಾ ನಕಾಶೆ ತಗೊಳ್ಳುವಾಗ ಮೊದಲು ಬಣ್ಣ ಎಣಿಸಿ. ಒಂಬತ್ತು ಪ್ರಾಂತ್ಯ, 25 ಜಿಲ್ಲೆ ಇರಬೇಕು. ಎಂಟೇ ಇದ್ದರೆ ಅದು ಹಳೆ ಸರಕು. ಈ ನಕಾಶೆಯಲ್ಲಿ ಒಂಬತ್ತೂ ಸರಿಯಾಗಿವೆ.

ಅಂಗಡಿಯವರ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಈಗ ಹೆಚ್ಚಿನ ಕಡೆ ಸುತ್ತಿದ ನಕಾಶೆಯನ್ನು ಬಿಚ್ಚಿ ತೋರಿಸುವುದಿಲ್ಲ. ಇವರು "ನೋಡ್ರಿ ಸರ, ನಿಧಾನಕ್ಕ ನೋಡ್ರಿ" ಅಂತ ಕೌಂಟರ್ ಮೇಲಿದ್ದ ನೋಟ್‌ಬುಕ್ ಕಟ್ಟುಗಳನ್ನೆಲ್ಲ ಸರಿಸಿ, ನಕಾಶೆ ಪೂರ್ತಿ ಹರಡಿ, ನಾಲ್ಕು ಮೂಲೆಗೂ ಸ್ಟೇಪ್ಲರ್ ಡಬ್ಬಿ ಇಟ್ಟರು. ಗಟ್ಟಿ ರಟ್ಟಿನ ಕೊಳವೆಯಲ್ಲಿ ಹಾಕಿ ಕೊಟ್ಟರು. ನರಗುಂದ ಬಸ್ಸಿನ ಗದ್ದಲದಲ್ಲೂ ಮಡಿಕೆ ಬೀಳಲಿಲ್ಲ.

ಇನ್ನು ನಕಾಶೆಗೆ ಬರೋಣ. ಅಳತೆ 1 ಸೆಂ.ಮೀ.ಗೆ 5 ಕಿ.ಮೀ. ಇಡೀ ಶ್ರೀಲಂಕಾ 65,610 ಚದರ ಕಿ.ಮೀ., ಅಂದರೆ ನಮ್ಮ ಕರ್ನಾಟಕದ ಸುಮಾರು ಮೂರನೇ ಒಂದು ಭಾಗ. ಹಾಗಾಗಿ ಇಷ್ಟು ದೊಡ್ಡ ಅಳತೆಯಲ್ಲಿ ಇಡೀ ದೇಶ ಒಂದೇ ಹಾಳೆಗೆ ಬರುತ್ತದೆ, ಹಿಂದಿನ ಬೆಂಚಿನಿಂದಲೂ ದೊಡ್ಡ ನದಿಗಳು ಕಾಣುತ್ತವೆ. ನಾನು ಯಾವ ನದಿ ನಕಾಶೆ ತಂದರೂ ಮಕ್ಕಳಿಂದ ನೂಲು ಹಿಡಿಸಿ ಅಳೆಸುತ್ತೇನೆ. ಮಹವೇಲಿ ಗಂಗ ಅಲ್ಲಿನ ಅತಿ ಉದ್ದದ ನದಿ, 335 ಕಿ.ಮೀ. ಲೆಕ್ಕದ ಪ್ರಕಾರ ನೂಲು 67 ಸೆಂ.ಮೀ. ಬರಬೇಕು. ಒಬ್ಬ ಹುಡುಗಿ ಮೂಲದಲ್ಲಿ ನೂಲು ಒತ್ತಿ ಹಿಡಿದಳು, ಇನ್ನೊಬ್ಬಳು ನೀಲಿ ಗೆರೆಯ ಪ್ರತಿ ತಿರುವಿಗೂ ಉಗುರಿನಿಂದ ಒತ್ತುತ್ತ ಸಮುದ್ರದವರೆಗೆ ಹೋದಳು. ಬಿಚ್ಚಿ ಸ್ಕೇಲಿಗೆ ಹಿಡಿದರೆ 61 ಬಂತು. ಈ ಅಳತೆಯ ನಕಾಶೆಯಲ್ಲಿ ಸಣ್ಣ ಸಣ್ಣ ಬಾಗುಗಳನ್ನು ನೇರ ಮಾಡಿರುತ್ತಾರೆ, ಆರು ಸೆಂ.ಮೀ. ಅಲ್ಲಿ ಹೋಗುತ್ತದೆ. ನನ್ನ ಪ್ರಕಾರ ಇದು ಒಳ್ಳೆಯ ಫಲಿತಾಂಶ. ಗೆರೆಯನ್ನು ಅಂದಾಜಿನ ಮೇಲೆ ಎಳೆದಿಲ್ಲ ಅಂತ ಗೊತ್ತಾಯಿತಲ್ಲ.

ಮಹವೇಲಿಯ ದಾರಿಯೇ ಒಂದು ಪೂರ್ತಿ ಪಾಠ. ಮಧ್ಯ ಪ್ರಾಂತ್ಯದ ಹಟನ್ ಕಡೆಯ ಗುಡ್ಡಗಳಲ್ಲಿ ಹುಟ್ಟಿ, ಪೇರಾದೆನಿಯ ಮತ್ತು ಕ್ಯಾಂಡಿಯ ಪಕ್ಕ ಹಾದು, ಪೂರ್ವಕ್ಕೆ ಇಳಿಯುತ್ತದೆ. ವಿಕ್ಟೋರಿಯಾ, ರಂದೆನಿಗಲ, ರಂಟಂಬೆ ಅಣೆಕಟ್ಟುಗಳು ಒಂದರ ಕೆಳಗೊಂದು ಇವೆ. ಅಲ್ಲಿಂದ ಉತ್ತರಕ್ಕೆ ತಿರುಗಿ, ಪೊಲೊನ್ನರುವ ಬಯಲು ದಾಟಿ, ಟ್ರಿಂಕೋಮಲಿ ಹತ್ತಿರ ಕೊಡ್ಡಿಯಾರ್ ಕೊಲ್ಲಿ ಸೇರುತ್ತದೆ. ಮಧ್ಯ, ಊವ, ಉತ್ತರ-ಮಧ್ಯ, ಪೂರ್ವ: ನಾಲ್ಕು ಪ್ರಾಂತ್ಯಗಳಿಗೆ ನಂಟು. ದೇಶದ ಸುಮಾರು ಆರನೇ ಒಂದು ಭಾಗದ ಮಳೆನೀರು ಈ ಒಂದು ನದಿಗೆ ಬೀಳುತ್ತದೆ. ಈ ನಕಾಶೆಯ ಗುಣ ಏನಪ್ಪ ಅಂದರೆ, ನೀಲಿ ಗೆರೆ ಪ್ರಾಂತ್ಯದ ಗಡಿ ಮೇಲೆ ಬಂದಾಗ ಎರಡೂ ಕಾಣುತ್ತವೆ. ಅಗ್ಗದ ನಕಾಶೆಗಳಲ್ಲಿ ನದಿ ಗಡಿಯನ್ನು ನುಂಗಿಬಿಡುತ್ತದೆ, ಇಲ್ಲವೇ ಗಡಿ ನದಿಯನ್ನು ನುಂಗುತ್ತದೆ. ಇಲ್ಲಿ ಗಡಿಯನ್ನು ಚುಕ್ಕೆಗಳಾಗಿ ನದಿಯ ಎರಡೂ ದಡದಲ್ಲಿ ಹಾಕಿದ್ದಾರೆ. ಮಹ ಓಯ (ಓಯ ಅಂದರೆ ಹೊಳೆ) ಪಶ್ಚಿಮ ಮತ್ತು ವಾಯವ್ಯ ಪ್ರಾಂತ್ಯಗಳ ನಡುವಿನ ಗಡಿ. ಬೆಂತೋಟ ಗಂಗ ಪಶ್ಚಿಮ ಮತ್ತು ದಕ್ಷಿಣದ ನಡುವಿನ ಗಡಿ. ಮುಂಡರಗಿ ಕಡೆಯ ಮಕ್ಕಳಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ತುಂಗಭದ್ರೆ ದಾಟಿದರೆ ಬೇರೆ ಜಿಲ್ಲೆ ಅಂತ ಅವರಿಗೆ ಗೊತ್ತು.

ಎತ್ತರಕ್ಕೆ ತಕ್ಕಂತೆ ಕಂದು ನೆರಳನ್ನೂ ಕೊಟ್ಟಿದ್ದಾರೆ, ತೆಳುವಾಗಿ. ಇದರಿಂದ ಒಂದು ಮಾತು ಮಕ್ಕಳಿಗೆ ಬೇಗ ಹತ್ತುತ್ತದೆ. ಗುಡ್ಡವೆಲ್ಲ ದೇಶದ ಮಧ್ಯ-ದಕ್ಷಿಣದಲ್ಲಿ ಗುಂಪಾಗಿದೆ, ನದಿಗಳು ಅಲ್ಲಿಂದ ನಾಲ್ಕೂ ದಿಕ್ಕಿಗೆ ಇಳಿಯುತ್ತವೆ. ಕೆಳನಿ ಗಂಗ ಶ್ರೀಪಾದ ಬೆಟ್ಟಸಾಲಿನಿಂದ ಪಶ್ಚಿಮಕ್ಕೆ 145 ಕಿ.ಮೀ. ಹರಿದು ಕೊಲಂಬೊ ಪಕ್ಕ ಸಮುದ್ರ ಸೇರುತ್ತದೆ. ಕೊಲಂಬೊ ಜನ ಕುಡಿಯುವ ನೀರಿನ ಬಹುಪಾಲು ಅದರದ್ದೇ. ಕಳು ಗಂಗ ಅದೇ ಕಡೆ ಹುಟ್ಟಿ ಸಬರಗಮುವ ಪ್ರಾಂತ್ಯದ ರತ್ನಪುರದ ಮೂಲಕ ಕಳುತರಕ್ಕೆ ಬರುತ್ತದೆ. 129 ಕಿ.ಮೀ. ಅಷ್ಟೇ, ಆದರೆ ನೈಋತ್ಯ ಮುಂಗಾರಿನ ಮಳೆ ಪೂರ್ತಿ ಅದರ ತಲೆ ಮೇಲೆ. 2003ರ ಮೇ, 2017ರ ಮೇ, ಎರಡು ಸಲವೂ ರತ್ನಪುರ ಮುಳುಗಿತು. ವಳವೆ ಗಂಗ ದಕ್ಷಿಣಕ್ಕೆ ಹೋಗುತ್ತದೆ. ನಮ್ಮ ಕಡೆ ಇದಕ್ಕೆ ಹೋಲುವುದು ಧಾರವಾಡದ ದಿಬ್ಬ: ಅಲ್ಲಿ ಸೋಮೇಶ್ವರದ ಶಾಲ್ಮಲೆ ಪಶ್ಚಿಮದ ಕಡಲಿಗೆ, ಬೆಣ್ಣಿಹಳ್ಳ ಪೂರ್ವಕ್ಕೆ ಮಲಪ್ರಭೆಗೆ. ಮಳೆ ಎಲ್ಲಿ ಬಿತ್ತು ಅನ್ನುವುದರ ಮೇಲೆ ಅದು ಅರಬ್ಬಿ ಸಮುದ್ರವೋ ಬಂಗಾಳ ಕೊಲ್ಲಿಯೋ ತೀರ್ಮಾನವಾಗುತ್ತದೆ.

ತಪ್ಪುಗಳಿಗೆ ಬರುತ್ತೇನೆ. ಸಬರಗಮುವ ಮತ್ತು ಊವಕ್ಕೆ ಹತ್ತಿರ ಹತ್ತಿರ ಒಂದೇ ಹಳದಿ ಕೊಟ್ಟಿದ್ದಾರೆ. ಎರಡೂ ಅಕ್ಕಪಕ್ಕದ ಪ್ರಾಂತ್ಯ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಬೇರೆ ಮಾಡುವುದು ಕಷ್ಟ. ಲ್ಯಾಮಿನೇಷನ್ ಹೊಳೆಯುತ್ತದೆ, ಕಿಟಕಿ ಎದುರಿನ ಗೋಡೆಗೆ ಹಾಕಬೇಡಿ. ಹೆಸರೆಲ್ಲ ಇಂಗ್ಲಿಷಿನಲ್ಲೇ. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ನಾವು ಬಿಳಿ ಸ್ಟಿಕರ್ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದೆವು, ಒಂದು ಪೀರಿಯಡ್ಡಿನ ಕೆಲಸ.

ಇನ್ನೊಂದು, ಒಣ ಪ್ರದೇಶದ ನದಿಗಳಿಗೂ ವರ್ಷವಿಡೀ ಹರಿಯುವ ನದಿಗಳಿಗೂ ಒಂದೇ ಗೆರೆ. ಮಲ್ವತು ಓಯ 164 ಕಿ.ಮೀ., ಉದ್ದದಲ್ಲಿ ಎರಡನೆಯದು. ಉತ್ತರ-ಮಧ್ಯ ಪ್ರಾಂತ್ಯದ ಅನುರಾಧಪುರದ ಪಕ್ಕ ಹರಿದು ಉತ್ತರ ಪ್ರಾಂತ್ಯದ ಮನ್ನಾರ್ ಕಡೆ ಸಮುದ್ರ ಸೇರುತ್ತದೆ. ನಕಾಶೆಯಲ್ಲಿ ಕೆಳನಿಗಿಂತ ದಪ್ಪಗಿದೆ! ಆದರೆ ಅದು ಈಶಾನ್ಯ ಮಾರುತದ ಮಳೆ ನಂಬಿದ ನದಿ, ಬೇಸಿಗೆಯಲ್ಲಿ ಬಡಕಲಾಗುತ್ತದೆ. ಬೆಣ್ಣಿಹಳ್ಳವನ್ನು ಏಪ್ರಿಲ್‌ನಲ್ಲೂ ಆಗಸ್ಟ್‌ನಲ್ಲೂ ನೋಡಿದ ನಮ್ಮ ಮಕ್ಕಳಿಗೆ ಆ ವ್ಯತ್ಯಾಸ ಕಾಣಿಸಬೇಕಿತ್ತು. ತುಂಡು ಗೆರೆ ಹಾಕಿದ್ದರೆ ಸಾಕಿತ್ತು. ಮೇಲೆ ಜಾಫ್ನಾ ಪರ್ಯಾಯ ದ್ವೀಪವನ್ನು ಮಾತ್ರ ಖಾಲಿ ಬಿಟ್ಟಿದ್ದಾರೆ, ಅದು ಸರಿ. ಅಲ್ಲಿ ದೊಡ್ಡ ನದಿ ಇಲ್ಲ. ನೆಲ ಸುಣ್ಣದಕಲ್ಲಿನದು, ಮಳೆ ಒಳಗೆ ಇಳಿಯುತ್ತದೆ, ಜನ ಬಾವಿಗಳ ಮೇಲೆ ಬದುಕುತ್ತಾರೆ.

ಈಗ ದೊಡ್ಡ ಕೊರತೆ. ನಕಾಶೆಯಲ್ಲಿ ಕಾಲುವೆಗಳೇ ಇಲ್ಲ. ಸುರಂಗಗಳೂ ಇಲ್ಲ. ಶ್ರೀಲಂಕಾದ ನೀರಿನ ಕಥೆ ಅರ್ಧ ಅಲ್ಲೇ ಇದೆ. ಕ್ಯಾಂಡಿಯ ಕೆಳಗೆ ಪೊಲ್ಗೊಲ್ಲ ಅನ್ನುವಲ್ಲಿ 1976ರಲ್ಲಿ ಒಂದು ಒಡ್ಡು ಕಟ್ಟಿ ಮಹವೇಲಿಯ ನೀರನ್ನು ಗುಡ್ಡದೊಳಗಿನ ಸುರಂಗದಿಂದ ಉತ್ತರಕ್ಕೆ ಹರಿಸಿದರು. ಅದು ಉಕುವೆಲದಲ್ಲಿ ಕರೆಂಟ್ ಕೊಟ್ಟು, ಅಂಬನ್ ಗಂಗೆಗೆ ಇಳಿದು, ಬೋವತೆನ್ನ ಜಲಾಶಯದಿಂದ ಇನ್ನೂ ಮುಂದೆ ಕಲಾ ವೆವ ಕೆರೆಯವರೆಗೆ ಹೋಗುತ್ತದೆ. ಅಂದರೆ ಮಧ್ಯ ಪ್ರಾಂತ್ಯದ ಗುಡ್ಡದ ಮೇಲೆ ಬಿದ್ದ ಮಳೆ ಬೇರೆಯೇ ಕಣಿವೆಯ ಭತ್ತದ ಗದ್ದೆಗೆ ಬರುತ್ತದೆ. ಆ ಕೆರೆ 5ನೇ ಶತಮಾನದಲ್ಲಿ ಧಾತುಸೇನ ರಾಜ ಕಟ್ಟಿಸಿದ್ದು. ಅಲ್ಲಿಂದ ಅನುರಾಧಪುರಕ್ಕೆ ಹೋಗುವ ಯೋದ ಎಲ ಕಾಲುವೆ ಸುಮಾರು 87 ಕಿ.ಮೀ. ಮೊದಲ ಹಲವು ಮೈಲಿಗಳಲ್ಲಿ ಅದರ ಇಳಿಜಾರು ಮೈಲಿಗೆ ಒಂದಡಿಗಿಂತಲೂ ಕಡಿಮೆ. ಯಂತ್ರ ಇಲ್ಲದ ಕಾಲದಲ್ಲಿ ಅದನ್ನು ಹೇಗೆ ಮಟ್ಟ ಹಿಡಿದರೋ, ನೆನೆಸಿದರೆ ಮೈ ಜುಮ್ ಅನ್ನುತ್ತದೆ. ನಕಾಶೆಯಲ್ಲಿ ಕಲಾ ವೆವ ಒಂದು ನೀಲಿ ಮಚ್ಚೆ, ಹೆಸರೂ ಇಲ್ಲ. ಊವದ ಉಮಾ ಓಯ ನೀರನ್ನು ಸುರಂಗದಿಂದ ಆಗ್ನೇಯಕ್ಕೆ ತಿರುಗಿಸಿದ ಯೋಜನೆ 2024ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಸುರಂಗ ಕೊರೆಯುವಾಗ ಬಂಡಾರವೆಲ ಸುತ್ತಮುತ್ತ ಬಾವಿಗಳು ಬತ್ತಿ, ಮನೆಗಳು ಬಿರುಕು ಬಿಟ್ಟಿದ್ದವು. ಅದೂ ಇಲ್ಲ.

ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ಬರುವ ಕಾಲುವೆ ನೀರಿಗಾಗಿ ಕಾಯುವ ಊರಿನವರು ನಾವು. 1980ರಲ್ಲಿ ನರಗುಂದ, ನವಲಗುಂದದ ರೈತರು ಬೀದಿಗಿಳಿದಿದ್ದು ಮಲಪ್ರಭೆ ಕಾಲುವೆಯ ಕರದ ವಿಚಾರಕ್ಕೆ. ಮಹದಾಯಿ ಕಣಿವೆಯ ನೀರನ್ನು ಮಲಪ್ರಭೆಗೆ ತಿರುಗಿಸುವ, ಗೋವಾ ಬೇಡ ಅನ್ನುವ ಕಳಸಾ-ಬಂಡೂರಿ ಯೋಜನೆಯ ಮಾತು ಇಲ್ಲಿನ ಮಗುವಿಗೂ ಗೊತ್ತು. ನಾನು ಬೋರ್ಡಿನ ಮೇಲೆ ಪೊಲ್ಗೊಲ್ಲ ಸುರಂಗ ಬಿಡಿಸುತ್ತಿದ್ದಾಗ ಒಂಬತ್ತನೇ ಕ್ಲಾಸಿನ ಹುಡುಗ ಎದ್ದು ನಿಂತು ಕೇಳಿದ: "ಸರ್, ಹಂಗಾದ್ರ ಅಲ್ಲಿ ಗೋವಾ ಯಾವುದ್ರಿ?"

ಇಷ್ಟು ಒಳ್ಳೆಯ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಅಪರೂಪಕ್ಕೆ ಕೇಳಿದ್ದೇನೆ. ಉಳಿದ ಪೀರಿಯಡ್ ಪೂರ್ತಿ ಅದಕ್ಕೇ ಹೋಯಿತು. ಅಲ್ಲಿ ಪ್ರಾಂತೀಯ ಪರಿಷತ್ತುಗಳು ಬಂದದ್ದು 1987ರ 13ನೇ ತಿದ್ದುಪಡಿಯಿಂದ. ನೀರಾವರಿಯನ್ನು ಪ್ರಾಂತ್ಯಗಳಿಗೆ ಕೊಟ್ಟರು, ಆದರೆ ಒಂದಕ್ಕಿಂತ ಹೆಚ್ಚು ಪ್ರಾಂತ್ಯಗಳಲ್ಲಿ ಹರಿಯುವ ನದಿಗಳ ಯೋಜನೆಗಳನ್ನು ಅದರಿಂದ ಹೊರಗಿಟ್ಟರು. ಮಹವೇಲಿ ವಿಚಾರ ಕೊಲಂಬೊದ ಕೈಯಲ್ಲಿದೆ. ನಮ್ಮಲ್ಲಿ ಎರಡು ರಾಜ್ಯ ಜಗಳ ಆಡಿದರೆ ನ್ಯಾಯಮಂಡಳಿ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಅಂತ ಹೇಳಿತು, ಅದರಲ್ಲಿ ಕಳಸಾ ಮತ್ತು ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು 3.9. ಮಕ್ಕಳು ಎರಡೂ ಪದ್ಧತಿಗಳನ್ನು ಹಿಡಿದು ವಾದ ಮಾಡಿದರು. ಒಬ್ಬಳು, "ಒಬ್ಬರ ಕೈಯಾಗ ಇದ್ರ ಲಗೂನ ಆಗತೈತ್ರಿ" ಅಂದಳು. ಇನ್ನೊಬ್ಬ, ನೀರು ಕೊಡುವ ಗುಡ್ಡದವರನ್ನು ಯಾರು ಕೇಳುತ್ತಾರೆ ಅಂದ. ವಿಕ್ಟೋರಿಯಾ ಅಣೆಕಟ್ಟಿನ ಹಿನ್ನೀರಲ್ಲಿ ತೆಲ್ದೆನಿಯ ಪಟ್ಟಣ ಮುಳುಗಿದ್ದನ್ನು ನಾನು ಆಗ ಹೇಳಿದೆ. ನಾನು ಯಾರನ್ನೂ ಗೆಲ್ಲಿಸಲಿಲ್ಲ.

ಈ ಚರ್ಚೆ ಹುಟ್ಟಿದ್ದು ನದಿ, ಗಡಿ ಎರಡನ್ನೂ ಒಟ್ಟಿಗೆ ತೋರಿಸುವ ಹಾಳೆ ಗೋಡೆ ಮೇಲಿದ್ದುದರಿಂದ. ಅದಕ್ಕೇ ಈ ನಕಾಶೆಗೆ ನನ್ನ ಮನಸ್ಸಿನಲ್ಲಿ ಬೆಲೆ ಇದೆ, ಮತ್ತು ಅದಕ್ಕೇ ಕಾಲುವೆ ಬಿಟ್ಟಿದ್ದು ನನಗೆ ನಿಜವಾಗಿ ಬೇಸರ ತಂದಿದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಾಲುವೆ ಹಾಕಿದರೆ ಐದಕ್ಕೆ ಐದು.

ಸದ್ಯಕ್ಕೆ ನಾವು ಮಾಡಿದ್ದು ಇಷ್ಟು. ಬಿಳಿ ಬೋರ್ಡಿಗೆ ಬಳಸುವ ಕೆಂಪು ಮಾರ್ಕರ್ ತಗೊಂಡು ಲ್ಯಾಮಿನೇಷನ್ ಮೇಲೆಯೇ ಪೊಲ್ಗೊಲ್ಲ ಸುರಂಗ, ಯೋದ ಎಲ, ಉಮಾ ಓಯ ಮೂರನ್ನೂ ಎಳೆದೆವು. ಒರೆಸಿದರೆ ಹೋಗುತ್ತದೆ, ಮತ್ತೆ ಎಳೆಯಬಹುದು. ಪರ್ಮನೆಂಟ್ ಮಾರ್ಕರ್ ಮಾತ್ರ ಬೇಡ. ಪ್ರಕಾಶಕರಿಗೆ ಇದೇ ಮೂರರ ಪಟ್ಟಿ ಮಾಡಿ ಪತ್ರ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ನೀವೂ ಈ ನಕಾಶೆ ತಗೊಂಡರೆ ಒಂದು ಸಾಲು ಬರೆದು ಹಾಕಿ. ವಿಳಾಸ ಹಾಳೆಯ ಎಡಗಡೆ ಕೆಳಗೆ, ಅಳತೆ ಪಟ್ಟಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿದೆ.