ಅರಾಲ್ಡೈಟ್, ನಾಲ್ಕು ವರ್ಷ ಬಳಸಿದ ಮೇಲೆ

ಎರಡು ಟ್ಯೂಬಿನದನ್ನು ಬೆರೆಸಿ ಹಚ್ಚುವ ಅಂಟು ಇದು; ಐದು ನಿಮಿಷದ್ದಲ್ಲ, ನಿಧಾನಕ್ಕೆ ಗಟ್ಟಿಯಾಗುವ ಸ್ಟ್ಯಾಂಡರ್ಡ್ ಪ್ಯಾಕ್ ಬಗ್ಗೆ ಹೇಳ್ತಿದ್ದೇನೆ. ಮೊದಲ ತಿಂಗಳೇ ಬರೆದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ. ತಪ್ಪು ನನ್ನದು ಅಂತ ಆಮೇಲೆ ಗೊತ್ತಾಯಿತು.

ಅಡುಗೆಮನೆಯ ಸ್ಲೈಡಿಂಗ್ ಕಿಟಕಿಯ ಅಲ್ಯೂಮಿನಿಯಂ ಹಿಡಿ ಕಿತ್ತು ಬಂದಿತ್ತು, ಸ್ಕ್ರೂ ತೂತು ಸವೆದಿತ್ತು. ಸುಮ್ನೆ ಬಟ್ಟೆಯಲ್ಲಿ ಒರೆಸಿ, ಅಂಟು ಹಚ್ಚಿ, ಟೇಪ್ ಸುತ್ತಿ ಬಿಟ್ಟೆ. ಹದಿನೈದೇ ದಿನ, ಹಿಡಿ ಕೈಗೆ ಬಂತು. ನೋಡಿದರೆ ಅಂಟು ಮುರಿದೇ ಇಲ್ಲ! ಕಾವಲಿಯಿಂದ ದೋಸೆ ಏಳುವ ಹಾಗೆ ಇಡೀ ಹಾಳೆ ಫ್ರೇಮಿನಿಂದ ಎದ್ದು, ಹಿಡಿಯ ಬೆನ್ನಿಗೆ ಕೂತಿತ್ತು. ಫ್ರೇಮಿನ ಮೇಲೆ ಒಂದು ಚೂರೂ ಇಲ್ಲ. ಒಗ್ಗರಣೆ ಹೊಗೆಯ ಜಿಡ್ಡಿಗೆ ಅಂಟಿಸಿದ್ದೆ ಅನ್ನಿ.

ಪರಿಚಯದ ಫ್ಯಾಬ್ರಿಕೇಶನ್ ಅಂಗಡಿಯವರಿಗೆ ತೋರಿಸಿ "ಈ ಸಲ ಎಮರಿ ಪೇಪರ್ ಹಾಕಿ ಚೆನ್ನಾಗಿ ಉಜ್ಜಿಬಿಡ್ತೀನಿ" ಅಂದೆ. "ಮೊದಲು ಜಿಡ್ಡು ತೆಗೀರಿ ಸಾರ್, ಇಲ್ಲಾಂದ್ರೆ ಅದನ್ನೇ ಗೀರಿನೊಳಗೆ ತುಂಬ್ತೀರಿ" ಅಂದರು. ಸರಿ ಅಲ್ವಾ?

ಈಗ ನನ್ನ ಕ್ರಮ ಹೀಗಿದೆ. ಕಿಟಕಿ ತೆರೆದು, ಒಲೆ ಆರಿಸಿ, ಬಿಳಿ ಹತ್ತಿಬಟ್ಟೆಗೆ ಅಸಿಟೋನ್ (ಜಿಡ್ಡು ಕರಗಿಸುವ, ಬೇಗ ಬೆಂಕಿ ಹತ್ತುವ ದ್ರವ) ಹಾಕಿ ಒಂದೇ ದಿಕ್ಕಿಗೆ ಒರೆಸುತ್ತೇನೆ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ. ನೇಲ್ ಪಾಲಿಶ್ ರಿಮೂವರ್ ಬೇಡ, ಸುಮಾರು ಬಾಟಲಿಗಳಲ್ಲಿ ಎಣ್ಣೆಯೂ ಸೇರಿರುತ್ತದೆ. ಆಮೇಲೆ 100ನೇ ನಂಬರಿನ ಎಮರಿಯಲ್ಲಿ ಅಡ್ಡಡ್ಡ, ಉದ್ದುದ್ದ ಉಜ್ಜಿ ಹೊಳಪು ಪೂರ್ತಿ ತೆಗೆಯಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ಇನ್ನೂ ಜಾಸ್ತಿ ಕೈ ನೋಯುತ್ತದೆ. ಪುಡಿ ಹೋಗಲು ಮತ್ತೆ ಅಸಿಟೋನ್.

ಕೊನೆಗೆ ನನಗೆ ತುಂಬಾ ಇಷ್ಟವಾದ ಪರೀಕ್ಷೆ. ನಾಲ್ಕು ಹನಿ ನೀರು ಬಿಡಿ. ಕೆಸುವಿನ ಎಲೆ ಮೇಲಿನ ಹಾಗೆ ಮುತ್ತಾಗಿ ನಿಂತರೆ ಜಿಡ್ಡು ಇನ್ನೂ ಇದೆ, ಮೊದಲಿಂದ ಶುರು ಮಾಡಿ. ತೆಳ್ಳಗೆ ಹರಡಿಕೊಂಡರೆ ಗೆದ್ದಿರಿ. ಪೂರ್ತಿ ಒಣಗಿಸಿ, ಬೆರಳು ತಾಗಿಸದೆ ಅಂಟು ಹಚ್ಚಿ. ನಾಳೆ ಮಾಡೋಣ ಅಂತ ಬಿಡಬೇಡಿ: ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಮತ್ತೆ ಬೆಳೆಯುತ್ತದೆ, ಕಬ್ಬಿಣವಾದರೆ ತುಕ್ಕು ಹಿಡಿಯುತ್ತದೆ. ಗಟ್ಟಿಯಾಗಿ ಒತ್ತಿ ಅಂಟನ್ನೆಲ್ಲ ಹೊರಗೆ ಹಿಂಡಲೂಬಾರದು. ಒಂದು ದಿನ ಪೂರ್ತಿ ಅಲ್ಲಾಡಿಸದೆ ಬಿಡಿ.

ಅದೇ ಹಿಡಿ ಮೂರೂವರೆ ವರ್ಷದಿಂದ ಕೂತಿದೆ. ದಿನಕ್ಕೆ ಹತ್ತು ಸಲ ಎಳೆಯುತ್ತೇವೆ.

ಬಿಸಿ ಪಾತ್ರೆಯ ಹಿಡಿಗೆ ಮಾತ್ರ ಇದು ಬೇಡ, ಕಾವಿಗೆ ಮೆತ್ತಗಾಗುತ್ತದೆ. ಒಂದು ಅಂಚಿನಿಂದ ಸಿಪ್ಪೆ ಸುಲಿದ ಹಾಗೆ ಎಳೆತ ಬೀಳುವ ಜಾಗಕ್ಕೂ ಸ್ಕ್ರೂನೇ ವಾಸಿ.

ಹಾಂ, ಎರಡು ಟ್ಯೂಬಿನ ಮುಚ್ಚಳ ಅದಲುಬದಲು ಮಾಡಬೇಡಿ. ಮಾತಾಡ್ತಾ ಮಾತಾಡ್ತಾ ನಾನು ಹಾಗೆ ಮಾಡಿ, ಎರಡೂ ಅಂಟಿಕೊಂಡು, ಅರ್ಧ ತುಂಬಿದ್ದ ಪ್ಯಾಕ್ ಕಸಕ್ಕೆ ಹೋಯಿತು.