ಕಾಂಗ್ರೆಸ್ ಕಸದ ಅಲರ್ಜಿ ಇದ್ದವರ ಮನಿಗೆ ಸೇವಂತಿಗೆ ಕುಂಡ ತರಬ್ಯಾಡ್ರಿ

ಕಲಬುರಗಿ ಮಂದಿ ಇದನ್ನ ಪೂರ್ತಿ ಓದ್ರಿ. ಸಿಟ್ಟಿನಾಗ ಬರೀಲಿಕತ್ತೀನಿ, ಹಿಂದಮುಂದ ಆಗಿದ್ರೂ ಓದ್ರಿ.

ನಮ್ಮವ್ವಗ ಕಾಂಗ್ರೆಸ್ ಕಸ, ಅಂದ್ರ ಪಾರ್ಥೇನಿಯಂ, ಮೊದಲಿಂದ ಆಗಿಬರಂಗಿಲ್ಲ. ತೊಗರಿ ಹೊಲದ ಬದುವಿನಾಗ ಅದನ್ನ ಕಿತ್ತು ಕಿತ್ತೇ ಹತ್ತಿದ ತುರಿಕೆ. ಇದನ್ನೆಲ್ಲ ಬಿಡಿಸಿ ಹೇಳಿಯೇ ನರ್ಸರಿಯವನಿಗೆ ಕೇಳಿದ್ದೆ, ಸೇವಂತಿಗೆ ನಡೀತದೇನ್ರಿ ಅಂತ.

ನಕ್ಕ. "ಅದು ಕಸ, ಇದು ದೇವರಿಗೆ ಏರಸೋ ಹೂವು. ಅದಕ್ಕೂ ಇದಕ್ಕೂ ಏನ್ ಸಂಬಂಧರೀ?" ನಾ ಒಪ್ಪಲಿಲ್ಲ. ಆಗ ಅವ್ವನ ಕೈಗೇ ಎಲಿ, ಹೂವು ತಿಕ್ಕಿಸಿದ. "ಮುಟ್ಟಿ ನೋಡ್ರಿ ಅವ್ವಾರ. ಏನರ ಆತೇನು?" ಏನೂ ಆಗಲಿಲ್ಲ. ಸುತ್ತ ನಿಂತ ಗಿರಾಕಿಗಳೂ ನಕ್ಕರು, ನನ್ನ ಮಾರಿ ಎತ್ತಲಿಕ್ಕಾಗಲಿಲ್ಲ. ಅಲ್ಲೇ ಮೋಸ ಆದದ್ದು. ಈ ಅಲರ್ಜಿ ಮುಟ್ಟಿದ ಕೂಡಲೇ ಏಳಂಗಿಲ್ಲ! ಒಂದೆರಡು ದಿನ ಬಿಟ್ಟು ಏಳ್ತದ. ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಪಟ್ಟಿ ಬೆನ್ನಿಗೆ 48 ಗಂಟೆ ಅಂಟಿಸಿಡ್ತಾರ, ತೆಗೆದ ಮ್ಯಾಲೂ ಮತ್ತ ಕರದು ನೋಡ್ತಾರ. ಇವ ನಿಂತ ಕಾಲಾಗ ಪರೀಕ್ಷೆ ಮುಗಿಸಿ ರೊಕ್ಕ ಎಣಿಸಿಕೊಂಡ.

ಅವ್ವನ ಬೆರಳ ಸಂದಿ ಒಡೀತು, ಕಣ್ಣರೆಪ್ಪಿ ಬಾತವು, ಕುತ್ತಿಗಿ ತುಂಬ ದದ್ದು. ಪಾರ್ಥೇನಿಯಂ, ಸೇವಂತಿಗೆ ಎರಡೂ ಒಂದೇ ಕುಟುಂಬದ ಗಿಡ ಅಂದ್ರು ಡಾಕ್ಟರು. ಎರಡರಾಗೂ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಅನ್ನೋ ರಾಸಾಯನಿಕ ಇರ್ತದ. ಒಂದಕ್ಕ ಮುನಿದ ಚರ್ಮ ಇನ್ನೊಂದಕ್ಕೂ ಮುನೀಬಹುದು.

ನರ್ಸರಿಯವನಿಗೆ ಫೋಟೋ ತೋರಿಸಿದ್ರ "ಥಂಡಿಗೆ ಮೈ ಒಡದದ, ಕೊಬ್ರಿ ಎಣ್ಣಿ ಹಚ್ರಿ" ಅಂದ. ರೊಕ್ಕ ಕೇಳಿದ್ರ "ಒಯ್ದ ಗಿಡ ವಾಪಸ್ ತಗೊಳ್ಳಂಗಿಲ್ಲ. ಬೇಕಾದ್ರ ಬದ್ಲಿ ಚೆಂಡುಹೂವಿನ ಸಸಿ ಒಯ್ರಿ" ಅಂದ. ಚೆಂಡುಹೂವು! ಅದೂ ಅದೇ ಕುಟುಂಬದ್ದು, ಗಲಾಟೆ ಹೂವೂ ಅದೇ. ಅವ್ವ ಕಣ್ಣು ತೆರೀಲಾರದ ಕೂತಾಳ, ಇವ ಅದೇ ಕುಟುಂಬದ ಇನ್ನೊಂದು ಗಿಡ ಕೈಗೆ ಕೊಡ್ಲಿಕ್ಕ ಹೊಂಟಾನ. ಗಿಡ ಮಾರೋನಿಗೆ ಇಷ್ಟು ಗೊತ್ತಿರಬ್ಯಾಡೇನು? ಗೊತ್ತಿಲ್ಲಂದ್ರ ಗೊತ್ತಿಲ್ಲ ಅನಬೇಕು.

ಮಲ್ಲಿಗಿ, ದಾಸವಾಳ ಬ್ಯಾರೆ ಕುಟುಂಬದವು, ಅವನ್ನ ಹಚ್ರಿ. ಗಿಡ ಮುಟ್ಟಿದ ಕೈ ಸೋಪು ಹಚ್ಚಿ ತೊಳೀದೆ ಕಣ್ಣಿಗೆ ಒಯ್ಯಬ್ಯಾಡ್ರಿ. ಮೆಡಿಕಲ್ ಅಂಗಡಿಯಿಂದ ಸ್ಟೀರಾಯ್ಡ್ ಟ್ಯೂಬ್ ನೀವೇ ತಂದು ಮಾರಿಗೆ ಬಳೀಬ್ಯಾಡ್ರಿ, ಚರ್ಮ ತೆಳ್ಳಗಾಗ್ತದ. ಮತ್ತ ಯಾವ ನರ್ಸರಿಯವನರ "ಮುಟ್ಟಿ ನೋಡ್ರಿ" ಅಂದ್ರ ಕೈ ಹಿಂದಕ್ಕ ತಗೊಂಡು ಹೊರಗ ನಡೀರಿ.