ಅಪಾರ್ಟ್‌ಮೆಂಟನ್ನು ಫೆಸಿಲಿಟಿ ಮ್ಯಾನೇಜ್‌ಮೆಂಟ್ ಕಂಪನಿಗೆ ಒಪ್ಪಿಸಿ ನಾಲ್ಕು ವರ್ಷ: ಬಳಕೆದಾರರ ವಿಮರ್ಶೆ

ಒಟ್ಟಾರೆ 5ಕ್ಕೆ 3. ಬಿಡಿಸಿ ಹೇಳುವುದಾದರೆ ಹೌಸ್‌ಕೀಪಿಂಗ್, ಸೆಕ್ಯುರಿಟಿಗೆ ನಾಲ್ಕು, ರಿಪೇರಿ ಕೆಲಸಕ್ಕೆ ಎರಡು.

ಕಂಪನಿಯ ಹೆಸರು ಬರೆಯುತ್ತಿಲ್ಲ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನಾವು ತರಿಸಿಕೊಂಡ ಕೊಟೇಶನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು, ಹಾಗಾಗಿ ಹೆಸರಿಗಿಂತ ಕರಾರಿನಲ್ಲಿ ಏನಿದೆ ಎನ್ನುವುದೇ ಮುಖ್ಯ. ನಮ್ಮದು ಕನಕಪುರ ರಸ್ತೆ ಕಡೆಯ ಅಪಾರ್ಟ್‌ಮೆಂಟು. ನೂರಕ್ಕೆ ಮೇಲ್ಪಟ್ಟು ಮನೆ, ಎರಡು ಬ್ಲಾಕು, ಬೇಸ್‌ಮೆಂಟಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ. ನಾನು ಕಮಿಟಿಯಲ್ಲಿ ಖಜಾಂಚಿ, ಬಿಲ್ಲು ಪಾಸು ಮಾಡುವವನು ನಾನೇ.

ಮೊದಲು ಬಿಲ್ಲಿನ ವಿಷಯ. ತಿಂಗಳಿಗೊಂದು ಮೊತ್ತ ಕೊಟ್ಟರೆ ಬಿಲ್ಡಿಂಗ್ ಅವರೇ ನೋಡಿಕೊಳ್ಳುತ್ತಾರೆ ಎಂದು ಜನರಲ್ ಬಾಡಿ ಮೀಟಿಂಗಿನಲ್ಲಿ ಎಲ್ಲರೂ ನಂಬಿ ಕೈ ಎತ್ತಿದರು. ಬಿಲ್ಲು ತೆರೆದು ನೋಡಿದರೆ ಅದರಲ್ಲಿರುವುದು ಜನರ ಲೆಕ್ಕ: ಒಬ್ಬ ಮ್ಯಾನೇಜರ್, ಪಾಳಿಗೊಬ್ಬ ಎಲೆಕ್ಟ್ರಿಷಿಯನ್, ಪ್ಲಂಬರ್, ಎಸ್‌ಟಿಪಿ ಆಪರೇಟರ್, ಗಾರ್ಡುಗಳು, ಗುಡಿಸಿ ಒರೆಸುವ ಹೆಂಗಸರು. ಅವರ ಸಂಬಳ, ಪಿಎಫ್, ಇಎಸ್‌ಐ, ಅದರ ಮೇಲೆ ಕಂಪನಿಯ ಸರ್ವಿಸ್ ಚಾರ್ಜು, ಎಲ್ಲದರ ಮೇಲೆ 18% ಜಿಎಸ್‌ಟಿ. ನಮ್ಮಲ್ಲಿ ಮನೆಯೊಂದರ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ದಾಟುವುದಿಲ್ಲ, ಆದ್ದರಿಂದ ನಿವಾಸಿಗಳಿಂದ ನಾವು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಕಂಪನಿಗೆ ಕಟ್ಟಿದ ಜಿಎಸ್‌ಟಿಗೆ ಕ್ರೆಡಿಟ್ಟೂ ಸಿಗುವುದಿಲ್ಲ, ಆ ಹದಿನೆಂಟು ಪರ್ಸೆಂಟು ನೇರ ಖರ್ಚು. ಒಂದು ಪಂಪು ಸುಟ್ಟರೆ, ಒಂದು ವಾಲ್ವ್ ಹೋದರೆ, ಅದರ ದುಡ್ಡು ಬೇರೆ. ನಾವು ಕೊಂಡಿರುವುದು ಜನರ ಹಾಜರಿ, ರಿಪೇರಿಯನ್ನಲ್ಲ. ಇಷ್ಟು ತಿಳಿದುಕೊಂಡು ಸೈನು ಹಾಕಿದರೆ ಆಮೇಲಿನ ಜಗಳ ಅರ್ಧಕ್ಕರ್ಧ ಕಡಿಮೆ.

ಹಾಜರಿಯ ವಿಷಯದಲ್ಲಿ ಕಂಪನಿಯನ್ನು ದೂರುವಂತಿಲ್ಲ. ಗಾರ್ಡು ರಜೆ ಹಾಕಿದರೆ ಎರಡು ಗಂಟೆಯೊಳಗೆ ಬದಲಿ ಬರುತ್ತಾನೆ. ಹಬ್ಬದ ಮಾರನೆ ದಿನವೂ ಲಿಫ್ಟಿನೊಳಗೆ ಒರೆಸಿರುತ್ತದೆ. ಪಿಎಫ್, ಇಎಸ್‌ಐ ಚಲನ್ ಲಗತ್ತಿಸದೆ ಬಿಲ್ಲು ಕಳಿಸಿದರೆ ಪಾಸು ಮಾಡುವುದಿಲ್ಲ ಎಂದು ಶುರುವಿನಲ್ಲೇ ಹೇಳಿದ್ದೆ, ಗೊಣಗದೆ ಕಳಿಸುತ್ತಿದ್ದಾರೆ. ಕೇಳದಿದ್ದರೆ ಕಳಿಸುತ್ತಿದ್ದರೋ ಇಲ್ಲವೋ, ಆ ಮಾತು ಬೇರೆ.

ಇವರು ನಿಜಕ್ಕೂ ಕೈಹಿಡಿದದ್ದು 2024ರ ಬೇಸಿಗೆಯಲ್ಲಿ. ನಮ್ಮ ಬೋರ್‌ವೆಲ್ ಒಣಗಿ ಬರೀ ಗಾಳಿ ಉಗುಳುತ್ತಿತ್ತು. 5 ಕಿ.ಮೀ. ಒಳಗಾದರೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಿತ್ತು, ಆದರೆ ಆ ದರಕ್ಕೆ ಬಾ ಎಂದರೆ ಬರುವ ಟ್ಯಾಂಕರ್ ಬೇಕಲ್ಲ. ಈ ಕಂಪನಿ ಬೇರೆ ಸೈಟುಗಳಲ್ಲೂ ಇರುವುದರಿಂದ ಮ್ಯಾನೇಜರ್ ಮೂರ್ನಾಲ್ಕು ಟ್ಯಾಂಕರಿನವರನ್ನು ಹಿಡಿದಿಟ್ಟುಕೊಂಡಿದ್ದ. ಪ್ರತಿ ಟ್ಯಾಂಕರಿಗೂ ಸಂಪಿನ ಮಟ್ಟವನ್ನು ಮೊದಲು ಒಮ್ಮೆ, ಆಮೇಲೆ ಒಮ್ಮೆ ಕೋಲಿನಿಂದ ಅಳೆದು ರಿಜಿಸ್ಟರಿನಲ್ಲಿ ಬರೆಸಿದ. ನೀರಿಗೆ ಗಾಳಿ ಬೆರೆಸಿ ಬಳಕೆ ತಗ್ಗಿಸುವ ಏರಿಯೇಟರನ್ನು ಜಲಮಂಡಳಿ ನಲ್ಲಿಗಳಿಗೆ ಕಡ್ಡಾಯ ಮಾಡಿದಾಗ ಮನೆಮನೆಗೆ ಪ್ಲಂಬರನ್ನು ಕಳಿಸಿ ಹಾಕಿಸಿದ್ದೂ ಅವನೇ. ಕಮಿಟಿಯವರು ಆಫೀಸು ಬಿಟ್ಟು ಬಂದು ಮಾಡುವ ಕೆಲಸವಲ್ಲ ಇದು.

ಇನ್ನು ರಿಪೇರಿ. ದೂರು ಕೊಡಲು ಆ್ಯಪ್ ಇದೆ. ಯಾರಾದರೂ ಬಂದು ಬಾಗಿಲು ತಟ್ಟಿ ಹೋದರೆ ಸಾಕು, ಟಿಕೆಟ್ ‘ಕ್ಲೋಸ್ಡ್’. ತಿಂಗಳ ಕೊನೆಗೆ ಬರುವ ವರದಿಯಲ್ಲಿ 98% ದೂರು ಪರಿಹಾರ ಎಂದು ಹಸಿರು ಬಣ್ಣದ ಚಾರ್ಟು. ಅದೇ ತಿಂಗಳು ಎರಡನೇ ಮಹಡಿಯ ಆಂಟಿಯ ಬಾತ್‌ರೂಮ್ ಸೀಲಿಂಗಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಸೂಪರ್‌ವೈಸರ್ ಮೊದಲ ಸಲ ಬಂದಾಗ ಮೇಲಿನ ಮನೆಯ ಟೈಲ್ಸ್ ಸಂದಿಗೆ ವೈಟ್ ಸಿಮೆಂಟ್ ತುಂಬಿಸಿದ, ಎರಡನೇ ಸಲ ಎಪಾಕ್ಸಿ. ಮೂರನೇ ಸಲಕ್ಕೆ ಮೇಲಿನ ಮನೆಯ ಟೈಲ್ಸ್ ಪೂರ್ತಿ ಕಿತ್ತು ವಾಟರ್‌ಪ್ರೂಫಿಂಗ್ ಮಾಡಿಸಬೇಕೆಂದು ತನಗೆ ಪರಿಚಯದ ಕಂಟ್ರಾಕ್ಟರನ ಕೊಟೇಶನ್ ತಂದ.

ಅದನ್ನು ತಪ್ಪಿಸಿದ್ದು ನಮ್ಮ ಪ್ಲಂಬರ್. ಒಡಿಶಾದ ಕೇಂದ್ರಪಾಡಾ ಕಡೆಯ ಹುಡುಗ. ಬೆಂಗಳೂರಿನ ಪ್ಲಂಬಿಂಗ್ ಕೆಲಸದಲ್ಲಿ ಆ ಕಡೆಯವರು ಬಹಳ. ಅವನು ಆಂಟಿಯನ್ನು ಕೇಳಿದ್ದು ಒಂದೇ ಪ್ರಶ್ನೆ: “ಮೇಲಿನ ಮನೆಯವರು ಊರಿಗೆ ಹೋದಾಗಲೂ ನೀರು ಬೀಳುತ್ತಾ ಅಮ್ಮಾ?” ಬೀಳುತ್ತೆ ಎಂದರು. ಸ್ನಾನ ಮಾಡಿದಾಗ ಮಾತ್ರ ಸೋರಿದರೆ ನೆಲದ್ದೋ ಡ್ರೈನಿನದ್ದೋ ತೊಂದರೆ. ಯಾರೂ ಇಲ್ಲದಾಗಲೂ ಸೋರಿದರೆ ಸದಾ ಒತ್ತಡದಲ್ಲಿರುವ ನಲ್ಲಿ ನೀರಿನ ಪೈಪಿನ ಮೇಲೆ ಮೊದಲ ಅನುಮಾನ. ಆದರೂ ಖಾತ್ರಿ ಮಾಡಿಕೊಂಡ. ಮೇಲಿನ ಬಾತ್‌ರೂಮಿನ ನೀರು ಹೋಗುವ ಫ್ಲೋರ್ ಟ್ರ್ಯಾಪ್ ಮುಚ್ಚಿ ಎರಡು ಇಂಚು ನೀಲಿ ಬಣ್ಣದ ನೀರು ನಿಲ್ಲಿಸಿದ. ಮಾರನೆ ದಿನ ಕೆಳಗೆ ತೊಟ್ಟಿಕ್ಕಿದ್ದು ಬಣ್ಣವಿಲ್ಲದ ನೀರೇ. ಆಮೇಲೆ ಪೈಪುಗಳು ಇಳಿಯುವ ಶಾಫ್ಟಿನ ವಾಲ್ವ್ ಮುಚ್ಚಿ, ಗೀಸರಿನ ಪೈಪಿಗೆ ಪ್ರೆಶರ್ ಗೇಜ್ ಸಿಕ್ಕಿಸಿ, ಕೈಪಂಪಿನಿಂದ ಒತ್ತಡ ಏರಿಸಿ ಬಿಟ್ಟ. ಮುಳ್ಳು ಕಣ್ಣೆದುರೇ ಇಳಿಯಿತು. ಗೋಡೆಯಲ್ಲಿ ಅಂಗೈಯಗಲ ಒಡೆದರೆ ಬಿಸಿನೀರಿನ ಸಿಪಿವಿಸಿ ಪೈಪಿನ ಎಲ್ಬೋ ಅಂಟು ಬಿಟ್ಟಿತ್ತು. ಒಂದು ಎಲ್ಬೋ, ಎರಡು ಟೈಲ್ಸ್, ಅರ್ಧ ದಿನದ ಕೆಲಸ. ನಮ್ಮ ಬೈಲಾ ಪ್ರಕಾರ ಶಾಫ್ಟಿನ ಪೈಪು ಸಂಘದ್ದು, ಮನೆಯೊಳಗಿನದು ಮಾಲೀಕರದ್ದು. ಹಾಗಾಗಿ ಖರ್ಚು ಯಾರದ್ದು ಎಂಬ ತಕರಾರೂ ಏಳಲಿಲ್ಲ.

ಅಂದಿನಿಂದ ಒಂದು ನಿಯಮ ಮಾಡಿದ್ದೇವೆ: ದೂರು ಕೊಟ್ಟವರು ಒಪ್ಪದೆ ಟಿಕೆಟ್ ಮುಚ್ಚುವಂತಿಲ್ಲ. ಹಸಿರು ಚಾರ್ಟು ಈಗ ಅಷ್ಟು ಹಸಿರಾಗಿಲ್ಲ.

ಎಸ್‌ಟಿಪಿ ಇರುವವರಿಗೆ ಒಂದು ಮಾತು. ವರದಿಯ ಕಾಗದ ಬದಿಗಿಟ್ಟು, ಆಪರೇಟರಿಗೆ ಏರೇಷನ್ ಟ್ಯಾಂಕಿನ ನೀರನ್ನು ಒಂದು ಲೀಟರಿನ ಗಾಜಿನ ಸಿಲಿಂಡರಿನಲ್ಲಿ ತುಂಬಿ ಅರ್ಧ ಗಂಟೆ ಇಡಲು ಹೇಳಿ. ಕಂದು ಬಣ್ಣದ ಸ್ಲಡ್ಜ್ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿದು ಕೂತು, ಮೇಲೆ ತಿಳಿನೀರು ಕಂಡರೆ ಚಿಂತೆಯಿಲ್ಲ. ನಮ್ಮಲ್ಲಿ ಒಮ್ಮೆ ತಳದಲ್ಲಿ ಎರಡು ಬೆರಳಷ್ಟೂ ಕೂರಲಿಲ್ಲ. ಕರೆಂಟ್ ಬಿಲ್ ಉಳಿಸಿ ತೋರಿಸಲು ಟ್ಯಾಂಕಿಗೆ ಗಾಳಿ ಊದುವ ಬ್ಲೋವರನ್ನು ರಾತ್ರಿ ಆಫ್ ಮಾಡುತ್ತಿದ್ದರು, ಗಾಳಿಯಿಲ್ಲದೆ ಬ್ಯಾಕ್ಟೀರಿಯಾ ಸತ್ತಿತ್ತು. ಫ್ಲಶ್ ನೀರು ವಾಸನೆ ಹೊಡೆಯುತ್ತಿದ್ದುದರ ಕಾರಣ ಅದು, ವರದಿಯಲ್ಲಿ ಮಾತ್ರ ಎಲ್ಲ ಅಂಕಿಯೂ ಮಿತಿಯೊಳಗೆ. ಇದಕ್ಕೇ ನಾನು ಒಂದು ಅಂಕ ಕಡಿದದ್ದು. ಟ್ಯಾಂಕಿನೊಳಗೆ ಯಾವ ಕಾರಣಕ್ಕೂ ಮನುಷ್ಯನನ್ನು ಇಳಿಸುವಂತಿಲ್ಲ ಎಂದೂ ಕರಾರಿನಲ್ಲಿ ಬರೆಸಿ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾನೂನು ಇದೆ, ಅದಕ್ಕಿಂತ ಹೆಚ್ಚಾಗಿ ಅದು ಜೀವದ ಪ್ರಶ್ನೆ.

ಲಿಫ್ಟನ್ನು ಇವರ ಕೈಗೆ ಕೊಡಲಿಲ್ಲ, ತಯಾರಕರ ಜೊತೆಯೇ ಕಾಂಪ್ರಿಹೆನ್ಸಿವ್ ಎಎಂಸಿ, ಅಂದರೆ ಬಿಡಿಭಾಗವೂ ಸೇರಿದ ವಾರ್ಷಿಕ ಮೇಂಟೆನೆನ್ಸ್ ಕರಾರು, ಮಾಡಿಕೊಂಡಿದ್ದೇವೆ. ವರ್ಷಕ್ಕೆ ದುಬಾರಿ, ಆದರೆ ರೋಪು, ಬೋರ್ಡು ಹೋದಾಗ ಬೆಲೆ ಗೊತ್ತಾಗುತ್ತದೆ.

ಯಾವ ಕಂಪನಿಯೂ ತಾನಾಗಿ ಹೇಳದ ಸಂಗತಿ ಇನ್ನೊಂದಿದೆ. ಮನೆ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ, ಮನೆ ಸ್ವಾಧೀನಕ್ಕೆ ಬಂದ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿಕೊಟ್ಟರೆ ಬಿಲ್ಡರ್ 30 ದಿನದೊಳಗೆ ದುಡ್ಡು ಕೇಳದೆ ಸರಿಪಡಿಸಬೇಕು. ನಮ್ಮ ಎರಡು ಬ್ಲಾಕುಗಳ ನಡುವೆ ಕಟ್ಟಡ ಹಿಗ್ಗಿ ಕುಗ್ಗಲು ಬಿಟ್ಟ ಸಂದಿ, ಅಂದರೆ ಎಕ್ಸ್‌ಪ್ಯಾನ್ಷನ್ ಜಾಯಿಂಟ್, ಪ್ರತಿ ಮಳೆಗಾಲವೂ ಬೇಸ್‌ಮೆಂಟಿಗೆ ನೀರು ಬಿಡುತ್ತಿತ್ತು. ಕಂಪನಿಯವರು ಪ್ರತಿ ವರ್ಷ ಸೀಲೆಂಟ್ ಹಚ್ಚಿ ನಮಗೆ ಬಿಲ್ಲು ಹಾಕಿದರು, ಬಿಲ್ಡರಿಗೆ ಬರೆಯಿರಿ ಎಂದು ಒಬ್ಬರೂ ಹೇಳಲಿಲ್ಲ. ಐದು ವರ್ಷ ತುಂಬುವ ಮೊದಲು ನಾವೇ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ, ಫೋಟೋ ಸಮೇತ ಪಟ್ಟಿ ಮಾಡಿಸಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಿಲ್ಡರಿಗೆ ಕಳಿಸಿದೆವು. ಜಾಯಿಂಟ್ ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿಕೊಟ್ಟರು. ಇಂಜಿನಿಯರ್ ಫೀಸು ಎರಡು ಸಲದ ಸೀಲೆಂಟ್ ಬಿಲ್ಲಿಗಿಂತ ಕಡಿಮೆ!

ಹಾಗಾದರೆ ಬೇರೆ ಕಂಪನಿ ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ನೋಡುತ್ತಿದ್ದೇವೆ. ಆದರೆ ಕಂಪನಿ ಬದಲಾದರೆ ಯಾವ ವಾಲ್ವ್ ಯಾವ ಸಾಲಿನ ಮನೆಗಳದ್ದು ಎಂಬ ಜ್ಞಾನವೂ ಅವರ ಜೊತೆಗೇ ಹೋಗುತ್ತದೆ. ಅದಕ್ಕೆ ಪ್ರತಿ ವಾಲ್ವಿಗೂ ತಗಡಿನ ಬಿಲ್ಲೆ ಕಟ್ಟಿಸಿ, ನಕ್ಷೆಯನ್ನು ಸಂಘದ ಕಪಾಟಿನಲ್ಲಿ ಇಟ್ಟಿದ್ದೇವೆ. ಪಂಪು, ಪ್ಯಾನೆಲ್ಲುಗಳ ಸರ್ವಿಸ್ ಚರಿತ್ರೆಯ ಒಂದು ಪ್ರತಿ ತಿಂಗಳಿಗೊಮ್ಮೆ ಸಂಘದ ಮೇಲ್‌ಗೆ ಬರಬೇಕು. ಕೆಲಸ ಕಲಿತವರನ್ನು ಕಂಪನಿ ದೊಡ್ಡ ಸೈಟಿಗೆ ಎತ್ತಂಗಡಿ ಮಾಡುವುದಂತೂ ಮಾಮೂಲು. ನಮ್ಮ ಪ್ಲಂಬರನ್ನೂ ಒಮ್ಮೆ ಹೀಗೆ ಒಯ್ದಿದ್ದರು, ಆ ತಿಂಗಳ ಬಿಲ್ಲು ತಡೆಹಿಡಿದ ಮೇಲೆ ವಾಪಸು ಬಂದ. ಈಗ ಕೊಟೇಶನ್ ಕೊಟ್ಟಿರುವ ಎರಡು ಹೊಸ ಕಂಪನಿಗಳಿಗೂ ದರದ ಮಾತಿಗೆ ಮೊದಲು ನಾವು ಕೇಳಿರುವುದು ಇದೇ: ಆ ಹುಡುಗನನ್ನು ಇದೇ ಸೈಟಿನಲ್ಲಿ ಉಳಿಸಿಕೊಳ್ಳುತ್ತೀರಾ, ಬರೆದು ಕೊಡುತ್ತೀರಾ? ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು ಮ್ಯಾನೇಜ್‌ಮೆಂಟ್ ಹತ್ತಿರ ಕೇಳಿ ಹೇಳುತ್ತೇವೆ ಎಂದಿದ್ದಾರೆ.